ಉತ್ಕರ್ಷಣ ಸಂಖ್ಯೆ ಮತ್ತು ಅರ್ಧಕ್ರಿಯೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ರೆಡಾಕ್ಸ್ ಸಮೀಕರಣಗಳನ್ನು, ಅಂದರೆ ಎಲೆಕ್ಟ್ರಾನ್‌ಗಳು ಕೈ ಬದಲಾಯಿಸುವ ಕ್ರಿಯೆಗಳ ಸಮೀಕರಣಗಳನ್ನು, ಸರಿದೂಗಿಸುವಾಗ ವಿದ್ಯಾರ್ಥಿಗಳು ಎಡವುವ ಜಾಗಗಳು ಹೆಚ್ಚುಕಡಿಮೆ ಒಂದೇ. ಆ ಜಾಗಗಳಲ್ಲಿ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಸಮೀಕರಣಗಳನ್ನು ಸಂಕೇತಗಳ ಬದಲು ಹೆಸರುಗಳಲ್ಲೇ ಕೊಟ್ಟಿದ್ದೇನೆ. ಓದುವಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಪ್ರತಿಯೊಂದನ್ನೂ ಸಂಕೇತಗಳಲ್ಲಿ ಬರೆಯುತ್ತ ಹೋಗಿ. ಪರಮಾಣುಗಳನ್ನು ನೀವೇ ಎಣಿಸದೆ ಈ ವಿಷಯ ಕೈಗೆ ಹತ್ತುವುದಿಲ್ಲ.

ಉತ್ಕರ್ಷಣ ಸಂಖ್ಯೆ ಎಂದರೇನು?

ಎರಡು ಬೇರೆ ಬೇರೆ ಧಾತುಗಳ ಪರಮಾಣುಗಳು ಬಂಧದಲ್ಲಿದ್ದಾಗ ಎಲೆಕ್ಟ್ರಾನ್ ಜೋಡಿಯನ್ನು ಸಮನಾಗಿ ಹಂಚಿಕೊಳ್ಳುವುದಿಲ್ಲ. ಎಲೆಕ್ಟ್ರೋನೆಗೆಟಿವಿಟಿ (ಬಂಧದ ಎಲೆಕ್ಟ್ರಾನ್‌ಗಳನ್ನು ಎಳೆಯುವ ಶಕ್ತಿ) ಹೆಚ್ಚಿರುವ ಪರಮಾಣು ಅದನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಈ ಎಳೆತ ಪೂರ್ತಿಯಾಗಿ ನಡೆದು ಜೋಡಿ ಸಂಪೂರ್ಣವಾಗಿ ಅದಕ್ಕೇ ಸೇರಿತು ಎಂದು ಭಾವಿಸೋಣ. ಆಗ ಪ್ರತಿ ಪರಮಾಣುವಿನ ಮೇಲೆ ಎಷ್ಟು ವಿದ್ಯುದಾವೇಶ ಉಳಿಯುತ್ತದೋ ಅದೇ ಅದರ ಉತ್ಕರ್ಷಣ ಸಂಖ್ಯೆ. ನೀರಿನಲ್ಲಿ ಎರಡೂ ಬಂಧಗಳ ಜೋಡಿಗಳು ಆಕ್ಸಿಜನ್ನಿನ ಪಾಲಾಗುತ್ತವೆ. ಹಾಗಾಗಿ ಆಕ್ಸಿಜನ್ನಿಗೆ −2, ಪ್ರತಿ ಹೈಡ್ರೋಜನ್ನಿಗೆ +1. ಒಂದೇ ಧಾತುವಿನ ಎರಡು ಪರಮಾಣುಗಳ ನಡುವೆ ಬಂಧವಿದ್ದರೆ ಜೋಡಿಯನ್ನು ಸರಿಯಾಗಿ ಅರ್ಧ ಮಾಡಬೇಕು. ಅದರಿಂದ ಯಾರಿಗೂ ಲಾಭನಷ್ಟವಿಲ್ಲ.

ಕೊನೆಯ ಈ ಮಾತನ್ನು ಚೆನ್ನಾಗಿ ನೆನಪಿಡಿ. ಎರಡು ಆಕ್ಸಿಜನ್‌ಗಳು ಒಂದಕ್ಕೊಂದು ಬಂಧಿಸಿಕೊಂಡಿರುವ ಪೆರಾಕ್ಸೈಡ್‌ಗಳ ಗೊಂದಲವೆಲ್ಲ ಇದರಿಂದಲೇ ಬಗೆಹರಿಯುತ್ತದೆ.

ಅಂದರೆ ಅದು ಪರಮಾಣುವಿನ ನಿಜವಾದ ಆವೇಶ ಅಲ್ಲವೇ?

ಅಲ್ಲ. ಸೋಡಿಯಂ ಕ್ಲೋರೈಡಿನಂಥ ಅಯಾನಿಕ ಸಂಯುಕ್ತಗಳಲ್ಲಿ ಎರಡೂ ಹತ್ತಿರಹತ್ತಿರ ಇರುತ್ತವೆ ನಿಜ. ಆದರೆ ಪರ್ಮ್ಯಾಂಗನೇಟ್ ಅಯಾನಿನ (ಒಂದು ಮ್ಯಾಂಗನೀಸ್, ನಾಲ್ಕು ಆಕ್ಸಿಜನ್, ಆವೇಶ −1) ಮ್ಯಾಂಗನೀಸ್‌ಗೆ +7 ಎಂದು ಬರೆದಾಗ ಆ ಪರಮಾಣು ಏಳು ಎಲೆಕ್ಟ್ರಾನ್‌ಗಳನ್ನು ಕಳೆದುಕೊಂಡು ಕೂತಿದೆ ಎಂದು ಅರ್ಥವಲ್ಲ. ಅಲ್ಲಿನ ಬಂಧಗಳಲ್ಲಿ ಹಂಚಿಕೆಯ ಪಾಲು ದೊಡ್ಡದು, ನಿಜವಾದ ಆವೇಶ +7ಕ್ಕಿಂತ ಬಹಳ ಕಡಿಮೆ. 2016ರಲ್ಲಿ ಶುದ್ಧ ಮತ್ತು ಅನ್ವಯಿಕ ರಸಾಯನಶಾಸ್ತ್ರದ ಅಂತಾರಾಷ್ಟ್ರೀಯ ಒಕ್ಕೂಟ ನೀಡಿದ ಶಿಫಾರಸು ಕೂಡ ಇದನ್ನೇ ಹೇಳುತ್ತದೆ: ಬೇರೆ ಧಾತುಗಳ ನಡುವಿನ ಬಂಧಗಳನ್ನು ಅಯಾನಿಕವೆಂದು ಭಾವಿಸಿದಾಗ ಉಳಿಯುವ ಆವೇಶವೇ ಉತ್ಕರ್ಷಣ ಸ್ಥಿತಿ.

ಭಾವಿಸಿಕೊಂಡ ಸಂಖ್ಯೆ ಎಂದಮಾತ್ರಕ್ಕೆ ಅದರ ಬೆಲೆ ಕಡಿಮೆಯಲ್ಲ. ಉತ್ಕರ್ಷಣ ಸಂಖ್ಯೆ ಒಂದು ಲೆಕ್ಕದ ಪುಸ್ತಕವಿದ್ದಂತೆ: ಕ್ರಿಯೆಯ ಮುಂಚೆ ಮತ್ತು ನಂತರ ಯಾವ ಪರಮಾಣುವಿನ ಖಾತೆಯಲ್ಲಿ ಎಷ್ಟು ಎಲೆಕ್ಟ್ರಾನ್‌ಗಳಿದ್ದವು ಎಂಬುದನ್ನು ಅದು ಒಂದೇ ನಿಯಮದಿಂದ ದಾಖಲಿಸುತ್ತದೆ. ನಮಗೆ ಬೇಕಾದದ್ದು ಆ ವ್ಯತ್ಯಾಸ. ಮ್ಯಾಂಗನೀಸ್ +7ರಿಂದ +2ಕ್ಕೆ ಇಳಿದರೆ ಐದು ಎಲೆಕ್ಟ್ರಾನ್‌ಗಳು ಬಂದವು. ಈ ಐದರಲ್ಲಿ ಯಾವ ಕಲ್ಪನೆಯೂ ಇಲ್ಲ, ಪ್ರಯೋಗಾಲಯದಲ್ಲಿ ಬ್ಯೂರೆಟ್ ಹಿಡಿದು ಅಳೆಯಬಹುದು.

ನಿಯಮಗಳು ಹಲವಿವೆ. ಎರಡು ನಿಯಮಗಳು ಒಂದಕ್ಕೊಂದು ಎದುರಾದರೆ ಯಾವುದನ್ನು ನಂಬಬೇಕು?

ಮೇಲಿನಿಂದ ಕೆಳಕ್ಕೆ ಆದ್ಯತೆಯ ಕ್ರಮದಲ್ಲಿ ಕಲಿತರೆ ಈ ಪ್ರಶ್ನೆಯೇ ಬರುವುದಿಲ್ಲ. ಬಿಡಿ ಧಾತುವಿಗೆ ಸೊನ್ನೆ. ಒಂದೇ ಪರಮಾಣುವಿನ ಅಯಾನಿಗೆ ಅದರ ಆವೇಶವೇ ಉತ್ಕರ್ಷಣ ಸಂಖ್ಯೆ. ಅಣುವಿನಲ್ಲಿ ಎಲ್ಲ ಸಂಖ್ಯೆಗಳ ಮೊತ್ತ ಸೊನ್ನೆ, ಅಯಾನಿನಲ್ಲಿ ಅದರ ಆವೇಶದಷ್ಟು. ಈ ಮೂರನ್ನು ಎಂದೂ ಮುರಿಯುವಂತಿಲ್ಲ. ನಂತರ, ಸಂಯುಕ್ತಗಳಲ್ಲಿ ಫ್ಲೋರಿನ್ ಯಾವಾಗಲೂ −1, ಸೋಡಿಯಂ ಗುಂಪಿನ ಲೋಹಗಳು +1, ಕ್ಯಾಲ್ಸಿಯಂ ಗುಂಪಿನವು +2. ಆಮೇಲೆ ಹೈಡ್ರೋಜನ್ +1. ಎಲ್ಲಕ್ಕಿಂತ ಕೊನೆಗೆ ಆಕ್ಸಿಜನ್ −2.

ಸೋಡಿಯಂ ಹೈಡ್ರೈಡನ್ನು ನೋಡಿ. ಸೋಡಿಯಂ +1 ಎಂಬುದು ಹೈಡ್ರೋಜನ್ +1 ಎಂಬುದಕ್ಕಿಂತ ಮೇಲಿದೆ; ಆದ್ದರಿಂದ ಹೈಡ್ರೋಜನ್ನೇ −1ಕ್ಕೆ ಇಳಿಯಬೇಕು. ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಹೈಡ್ರೋಜನ್ ಮೇಲಿದೆ, ಆಕ್ಸಿಜನ್ ಕೆಳಗಿದೆ; ಹಾಗಾಗಿ ಆಕ್ಸಿಜನ್ −1. ಆಕ್ಸಿಜನ್ ಡೈಫ್ಲೋರೈಡಿನಲ್ಲಿ ಫ್ಲೋರಿನ್ ತನ್ನ −1 ಬಿಟ್ಟುಕೊಡದ ಕಾರಣ ಆಕ್ಸಿಜನ್ +2 ಆಗುತ್ತದೆ. ಪಠ್ಯಗಳಲ್ಲಿ ಅಪವಾದಗಳ ಪಟ್ಟಿ ಎಂದು ಬಾಯಿಪಾಠ ಮಾಡಿಸುವುದೆಲ್ಲ ಈ ಕ್ರಮದಿಂದ ತಾನಾಗಿ ಬರುತ್ತದೆ.

ಲೆಕ್ಕದ ಮಾದರಿ ಬೇಕಾದರೆ ಡೈಕ್ರೋಮೇಟ್ ಅಯಾನು ತೆಗೆದುಕೊಳ್ಳಿ: ಎರಡು ಕ್ರೋಮಿಯಂ, ಏಳು ಆಕ್ಸಿಜನ್, ಒಟ್ಟು ಆವೇಶ −2. ಆಕ್ಸಿಜನ್‌ಗಳಿಂದ −14. ಮೊತ್ತ −2 ಆಗಬೇಕಾದರೆ ಎರಡು ಕ್ರೋಮಿಯಂಗಳಿಂದ +12 ಬರಬೇಕು, ಪ್ರತಿಯೊಂದಕ್ಕೂ +6.

ಲೆಕ್ಕ ಸರಿಯಿದ್ದರೂ ಉತ್ತರ ತಪ್ಪಾಗಬಹುದೇ?

ಆಗಬಹುದು. ನೀಲಿ ಬಣ್ಣದ ಕ್ರೋಮಿಯಂ ಪೆರಾಕ್ಸೈಡಿನಲ್ಲಿ ಒಂದು ಕ್ರೋಮಿಯಂಗೆ ಐದು ಆಕ್ಸಿಜನ್‌ಗಳಿವೆ. ಕಣ್ಣುಮುಚ್ಚಿ ನಿಯಮ ಹಾಕಿದರೆ ಕ್ರೋಮಿಯಂ +10 ಎಂದು ಬರುತ್ತದೆ. ಆದರೆ ಬಂಧಕ್ಕೆ ಬಳಕೆಯಾಗುವ ಹೊರ ಎಲೆಕ್ಟ್ರಾನ್‌ಗಳು ಕ್ರೋಮಿಯಂನಲ್ಲಿ ಇರುವುದೇ ಆರು. ಹತ್ತನ್ನು ಎಲ್ಲಿಂದ ತರುವುದು? ರಚನೆಯನ್ನು ನೋಡಿದರೆ ನಾಲ್ಕು ಆಕ್ಸಿಜನ್‌ಗಳು ಎರಡು ಪೆರಾಕ್ಸೈಡ್ ಜೋಡಿಗಳಾಗಿವೆ, ತಲಾ −1. ಐದನೆಯದು ಮಾತ್ರ −2. ಒಟ್ಟು −6, ಕ್ರೋಮಿಯಂ +6.

ಆದ್ದರಿಂದ ಸಿಕ್ಕ ಉತ್ತರವನ್ನು ಆವರ್ತ ಕೋಷ್ಟಕದ ಎದುರು ಹಿಡಿದು ನೋಡುವ ಅಭ್ಯಾಸ ಒಳ್ಳೆಯದು. ನೈಟ್ರೋಜನ್ −3ರಿಂದ +5ರ ನಡುವೆ, ಗಂಧಕ −2ರಿಂದ +6ರ ನಡುವೆ, ಕ್ಲೋರಿನ್ −1ರಿಂದ +7ರ ನಡುವೆ ಇರಬೇಕು. ಎಲ್ಲ ಧಾತುಗಳನ್ನು ಸೇರಿಸಿದರೂ ಈವರೆಗೆ ಪ್ರಯೋಗದಲ್ಲಿ ಕಂಡ ಅತಿ ಹೆಚ್ಚಿನ ಸಂಖ್ಯೆ +9. 2014ರಲ್ಲಿ ಇರಿಡಿಯಂ ಮತ್ತು ನಾಲ್ಕು ಆಕ್ಸಿಜನ್‌ಗಳ ಧನ ಅಯಾನಿನಲ್ಲಿ ಅದು ಪತ್ತೆಯಾಯಿತು. ನಿಮ್ಮ ಉತ್ತರ +10 ಎಂದರೆ ಎಲ್ಲೋ ಒಂದು ಪೆರಾಕ್ಸೈಡ್ ಬಂಧ ಕಣ್ತಪ್ಪಿಸಿಕೊಂಡಿದೆ.

ಅಮೋನಿಯಂ ನೈಟ್ರೇಟ್ ಇನ್ನೊಂದು ಬಗೆಯ ಬಲೆ. ಇಡೀ ಸೂತ್ರಕ್ಕೆ ಲೆಕ್ಕ ಹಾಕಿದರೆ ನೈಟ್ರೋಜನ್ +1 ಎಂದು ಸಿಗುತ್ತದೆ. ನಿಜಕ್ಕೂ ಅಲ್ಲಿ +1 ಇರುವ ನೈಟ್ರೋಜನ್ ಒಂದೂ ಇಲ್ಲ. ಅಮೋನಿಯಂ ಅಯಾನಿನದು −3, ನೈಟ್ರೇಟ್ ಅಯಾನಿನದು +5. ಅಯಾನುಗಳನ್ನು ಮೊದಲು ಬಿಡಿಸಿ, ಆಮೇಲೆ ಲೆಕ್ಕ ಹಾಕಿ.

ಭಿನ್ನರಾಶಿ ಬಂದರೆ ತಪ್ಪೇ?

ತಪ್ಪಲ್ಲ, ಹೆಚ್ಚಿನ ಸಂದರ್ಭಗಳಲ್ಲಿ ಅದು ಸರಾಸರಿ. ಮ್ಯಾಗ್ನಟೈಟ್ ಅದಿರಿನಲ್ಲಿ ಮೂರು ಕಬ್ಬಿಣಕ್ಕೆ ನಾಲ್ಕು ಆಕ್ಸಿಜನ್, ಸರಾಸರಿ 8/3. ಒಳಗೆ ಒಂದು ಕಬ್ಬಿಣ +2, ಎರಡು +3. ಟೆಟ್ರಾಥಯೊನೇಟ್ ಅಯಾನಿನಲ್ಲಿ (ನಾಲ್ಕು ಗಂಧಕ, ಆರು ಆಕ್ಸಿಜನ್, ಆವೇಶ −2) ಗಂಧಕದ ಸರಾಸರಿ 2.5, ನಡುವಿನ ಎರಡಕ್ಕೆ 0, ತುದಿಯ ಎರಡಕ್ಕೆ +5. ಸೂಪರ್ ಆಕ್ಸೈಡ್ ಅಯಾನಿನ −½ ಮಾತ್ರ ಬೇರೆ: ಅಲ್ಲಿ ಎರಡು ಆಕ್ಸಿಜನ್‌ಗಳೂ ಒಂದೇ ಬಗೆಯವು, ಒಂದು ಹೆಚ್ಚುವರಿ ಎಲೆಕ್ಟ್ರಾನನ್ನು ಇಬ್ಬರೂ ಹಂಚಿಕೊಂಡಿದ್ದಾರೆ. ಸಮೀಕರಣ ಸರಿದೂಗಿಸಲು ಸರಾಸರಿ ಸಾಕು.

ವೇಲೆನ್ಸಿ ಮತ್ತು ಉತ್ಕರ್ಷಣ ಸಂಖ್ಯೆ ಒಂದೇ ಅಲ್ಲವೇ?

ಮೀಥೇನಿನಲ್ಲೂ ಇಂಗಾಲದ ಡೈಆಕ್ಸೈಡಿನಲ್ಲೂ ಇಂಗಾಲದ ವೇಲೆನ್ಸಿ 4. ಉತ್ಕರ್ಷಣ ಸಂಖ್ಯೆ ಮೊದಲನೆಯದರಲ್ಲಿ −4, ಎರಡನೆಯದರಲ್ಲಿ +4. ವೇಲೆನ್ಸಿ ಬಂಧಗಳನ್ನು ಎಣಿಸುತ್ತದೆ, ಅದಕ್ಕೆ ಚಿಹ್ನೆಯಿಲ್ಲ.

ಒಂದು ಕ್ರಿಯೆ ರೆಡಾಕ್ಸ್ ಹೌದೋ ಅಲ್ಲವೋ ಎಂದು ಗುರುತಿಸುವುದು ಹೇಗೆ?

ಯಾವುದಾದರೂ ಧಾತುವಿನ ಉತ್ಕರ್ಷಣ ಸಂಖ್ಯೆ ಬದಲಾಗಿದ್ದರೆ ರೆಡಾಕ್ಸ್, ಇಲ್ಲದಿದ್ದರೆ ಅಲ್ಲ. ಏರಿದರೆ ಉತ್ಕರ್ಷಣ, ಇಳಿದರೆ ಅಪಕರ್ಷಣ. ಬಣ್ಣವನ್ನು ನಂಬಬೇಡಿ. ಹಳದಿ ಕ್ರೋಮೇಟ್ ದ್ರಾವಣಕ್ಕೆ ಆಮ್ಲ ಹಾಕಿದರೆ ಅದು ಕಿತ್ತಳೆ ಬಣ್ಣದ ಡೈಕ್ರೋಮೇಟ್ ಆಗುತ್ತದೆ. ನೋಡಲು ದೊಡ್ಡ ಬದಲಾವಣೆ, ಆದರೆ ಎರಡರಲ್ಲೂ ಕ್ರೋಮಿಯಂ +6. ಒಂದು ಎಲೆಕ್ಟ್ರಾನ್ ಕೂಡ ಕೈ ಬದಲಾಯಿಸಿಲ್ಲ.

ಇಲ್ಲೇ ಇನ್ನೊಂದು ಗೊಂದಲವನ್ನೂ ತೀರಿಸಿಬಿಡೋಣ. ತಾನು ಉತ್ಕರ್ಷಣಗೊಳ್ಳುವ ವಸ್ತು ಎಲೆಕ್ಟ್ರಾನ್ ಕೊಡುತ್ತದೆ, ಕೊಟ್ಟು ಎದುರಿನದನ್ನು ಅಪಕರ್ಷಿಸುತ್ತದೆ. ಆದ್ದರಿಂದ ಅದರ ಹೆಸರು ಅಪಕರ್ಷಣಕಾರಿ. ಪರ್ಮ್ಯಾಂಗನೇಟ್ ತಾನು ಅಪಕರ್ಷಣಗೊಳ್ಳುತ್ತದೆ, ಹಾಗಾಗಿ ಉತ್ಕರ್ಷಣಕಾರಿ.

ಪರಮಾಣುಗಳು ಎರಡೂ ಬದಿಯಲ್ಲಿ ಸಮನಾಗಿದ್ದರೆ ಸಾಲದೇ?

ಸಾಲದು. ಈ ಸಾಲನ್ನು ನೋಡಿ:

ತಾಮ್ರ + ಬೆಳ್ಳಿ(1+) → ತಾಮ್ರ(2+) + ಬೆಳ್ಳಿ

ಪರಮಾಣುಗಳು ಸರಿಯಾಗಿವೆ. ಆದರೆ ಎಡಗಡೆ ಆವೇಶ +1, ಬಲಗಡೆ +2. ತಾಮ್ರ ಎರಡು ಎಲೆಕ್ಟ್ರಾನ್ ಕೊಟ್ಟಿತು, ಬೆಳ್ಳಿ ಒಂದನ್ನೇ ತೆಗೆದುಕೊಂಡಿತು. ಉಳಿದದ್ದು ಎಲ್ಲಿಗೆ ಹೋಯಿತು? ಎರಡು ಬೆಳ್ಳಿ ಅಯಾನುಗಳಿದ್ದರೆ ಮಾತ್ರ ಲೆಕ್ಕ ಮುಗಿಯುತ್ತದೆ.

ಅರ್ಧಕ್ರಿಯೆಗಳ ವಿಧಾನವನ್ನು ಒಂದು ಉದಾಹರಣೆಯೊಂದಿಗೆ ವಿವರಿಸುತ್ತೀರಾ?

ಆಮ್ಲೀಯ ದ್ರಾವಣದಲ್ಲಿ ಪರ್ಮ್ಯಾಂಗನೇಟ್ ಕಬ್ಬಿಣ(2+) ಅಯಾನನ್ನು ಕಬ್ಬಿಣ(3+) ಮಾಡುತ್ತದೆ, ತಾನು ಮ್ಯಾಂಗನೀಸ್(2+) ಆಗುತ್ತದೆ. ಮೊದಲು ಕ್ರಿಯೆಯನ್ನು ಎರಡು ಅರ್ಧಕ್ರಿಯೆಗಳಾಗಿ ಒಡೆಯಿರಿ: ಎಲೆಕ್ಟ್ರಾನ್ ಕೊಡುವ ಅರ್ಧ ಒಂದು, ತೆಗೆದುಕೊಳ್ಳುವ ಅರ್ಧ ಇನ್ನೊಂದು. ಕಬ್ಬಿಣದ ಅರ್ಧ ಸುಲಭ:

ಕಬ್ಬಿಣ(2+) → ಕಬ್ಬಿಣ(3+) + 1 ಎಲೆಕ್ಟ್ರಾನ್

ಮ್ಯಾಂಗನೀಸಿನ ಅರ್ಧದಲ್ಲಿ ಕೆಲಸವಿದೆ. ಮ್ಯಾಂಗನೀಸ್ ಎರಡೂ ಬದಿ ಒಂದೊಂದು, ಸರಿ. ಎಡಗಡೆ ನಾಲ್ಕು ಆಕ್ಸಿಜನ್‌ಗಳಿವೆ, ಬಲಗಡೆ ಇಲ್ಲ. ಬಲಕ್ಕೆ 4 ನೀರು ಸೇರಿಸಿ. ಈಗ ಬಲಗಡೆ ಎಂಟು ಹೈಡ್ರೋಜನ್ ಬಂದವು. ಎಡಕ್ಕೆ 8 ಹೈಡ್ರೋಜನ್ ಅಯಾನು ಸೇರಿಸಿ. ಕೊನೆಗೆ ಆವೇಶ. ಎಡಗಡೆ −1 ಮತ್ತು +8, ಒಟ್ಟು +7. ಬಲಗಡೆ +2. ಸಮನಾಗಲು ಎಡಕ್ಕೆ 5 ಎಲೆಕ್ಟ್ರಾನ್ ಬೇಕು:

ಪರ್ಮ್ಯಾಂಗನೇಟ್ + 8 ಹೈಡ್ರೋಜನ್ ಅಯಾನು + 5 ಎಲೆಕ್ಟ್ರಾನ್ → ಮ್ಯಾಂಗನೀಸ್(2+) + 4 ನೀರು

ಇಲ್ಲಿ ಒಂದು ಕ್ಷಣ ನಿಲ್ಲಿ. ಈ 5 ನಮಗೆ ಸಿಕ್ಕಿದ್ದು ಆವೇಶದ ಲೆಕ್ಕದಿಂದ, ಉತ್ಕರ್ಷಣ ಸಂಖ್ಯೆಯನ್ನು ಮುಟ್ಟಲೇ ಇಲ್ಲ. ಆದರೂ +7ರಿಂದ +2ಕ್ಕೆ ಇಳಿಕೆ ಐದೇ. ಎರಡು ಬೇರೆ ದಾರಿಗಳು ಒಂದೇ ಸಂಖ್ಯೆಗೆ ಬಂದು ಸೇರಬೇಕು. ಸೇರದಿದ್ದರೆ ಮುಂದೆ ಹೋಗಬೇಡಿ, ತಪ್ಪು ಅಲ್ಲೇ ಇದೆ. ಇಷ್ಟು ಅಗ್ಗವಾದ, ಇಷ್ಟು ನಂಬಲರ್ಹವಾದ ತಾಳೆ ರಸಾಯನಶಾಸ್ತ್ರದಲ್ಲಿ ಹೆಚ್ಚಿಲ್ಲ. ವಿದ್ಯಾರ್ಥಿಗಳು ಇದನ್ನು ಬಿಟ್ಟುಬಿಡುವುದು ನನಗೆ ಬೇಸರದ ಸಂಗತಿ.

ಕಬ್ಬಿಣದ ಅರ್ಧವನ್ನು 5ರಿಂದ ಗುಣಿಸಿ ಎರಡನ್ನೂ ಕೂಡಿಸಿದರೆ ಎಲೆಕ್ಟ್ರಾನ್‌ಗಳು ಹೊಡೆದುಹೋಗುತ್ತವೆ:

ಪರ್ಮ್ಯಾಂಗನೇಟ್ + 5 ಕಬ್ಬಿಣ(2+) + 8 ಹೈಡ್ರೋಜನ್ ಅಯಾನು → ಮ್ಯಾಂಗನೀಸ್(2+) + 5 ಕಬ್ಬಿಣ(3+) + 4 ನೀರು

ಎಡಗಡೆ ಆವೇಶ −1 + 10 + 8 = 17. ಬಲಗಡೆ 2 + 15 = 17.

ನೀರು ಮತ್ತು ಹೈಡ್ರೋಜನ್ ಅಯಾನನ್ನು ನಮಗೆ ಬೇಕಾದಂತೆ ಸೇರಿಸುವುದು ನ್ಯಾಯವೇ?

ನ್ಯಾಯವೇ, ಏಕೆಂದರೆ ಅವೆರಡೂ ದ್ರಾವಣದಲ್ಲಿ ಮೊದಲೇ ಇವೆ. ಪರ್ಮ್ಯಾಂಗನೇಟ್ ಕಳಚಿಕೊಂಡ ಆಕ್ಸಿಜನ್‌ಗಳು ಆಮ್ಲದ ಹೈಡ್ರೋಜನ್ ಅಯಾನುಗಳೊಂದಿಗೆ ಸೇರಿ ನಿಜವಾಗಿಯೂ ನೀರಾಗುತ್ತವೆ. ಆಮ್ಲ ಸಾಲದಿದ್ದರೆ ಈ ಕ್ರಿಯೆ ಹೀಗೆ ನಡೆಯುವುದೇ ಇಲ್ಲ. ಆದರೆ ಆಕ್ಸಿಜನ್ ಕಡಿಮೆಯಾಯಿತೆಂದು ಆಕ್ಸಿಜನ್ ಅನಿಲವನ್ನೋ, ಹೈಡ್ರೋಜನ್ ಬೇಕೆಂದು ಹೈಡ್ರೋಜನ್ ಅನಿಲವನ್ನೋ ಸೇರಿಸುವಂತಿಲ್ಲ. ಅವುಗಳ ಉತ್ಕರ್ಷಣ ಸಂಖ್ಯೆ ಸೊನ್ನೆ; ತಂದ ಕೂಡಲೇ ಎಲೆಕ್ಟ್ರಾನ್ ಲೆಕ್ಕ ಕೆಡುತ್ತದೆ. ನೀರಿನಲ್ಲಿ ಹೈಡ್ರೋಜನ್ +1, ಆಕ್ಸಿಜನ್ −2 ಆಗಿಯೇ ಇರುವುದರಿಂದ ಅದು ಲೆಕ್ಕವನ್ನು ಕದಡುವುದಿಲ್ಲ.

ಪ್ರತ್ಯಾಮ್ಲೀಯ ಮಾಧ್ಯಮವಾದರೆ?

ಬೇರೆ ವಿಧಾನ ಕಲಿಯಬೇಕಿಲ್ಲ. ಆಮ್ಲೀಯವೆಂದೇ ತಿಳಿದು ಕೊನೆಯವರೆಗೂ ಮಾಡಿ, ಆಮೇಲೆ ಹೈಡ್ರೋಜನ್ ಅಯಾನು ಎಷ್ಟಿದೆಯೋ ಅಷ್ಟು ಹೈಡ್ರಾಕ್ಸೈಡ್ ಅಯಾನನ್ನು ಎರಡೂ ಬದಿಗೆ ಸೇರಿಸಿ. ಪ್ರತ್ಯಾಮ್ಲೀಯ ದ್ರಾವಣದಲ್ಲಿ ಪರ್ಮ್ಯಾಂಗನೇಟ್ ಮತ್ತು ಸಲ್ಫೈಟ್ (ಒಂದು ಗಂಧಕ, ಮೂರು ಆಕ್ಸಿಜನ್, ಆವೇಶ −2) ಸೇರಿ ಮ್ಯಾಂಗನೀಸ್ ಡೈಆಕ್ಸೈಡ್ ಮತ್ತು ಸಲ್ಫೇಟ್ (ಒಂದು ಗಂಧಕ, ನಾಲ್ಕು ಆಕ್ಸಿಜನ್, ಆವೇಶ −2) ಆಗುವ ಕ್ರಿಯೆ:

ಪರ್ಮ್ಯಾಂಗನೇಟ್ + 4 ಹೈಡ್ರೋಜನ್ ಅಯಾನು + 3 ಎಲೆಕ್ಟ್ರಾನ್ → ಮ್ಯಾಂಗನೀಸ್ ಡೈಆಕ್ಸೈಡ್ + 2 ನೀರು

ಸಲ್ಫೈಟ್ + ನೀರು → ಸಲ್ಫೇಟ್ + 2 ಹೈಡ್ರೋಜನ್ ಅಯಾನು + 2 ಎಲೆಕ್ಟ್ರಾನ್

ಮೊದಲನೆಯದನ್ನು 2ರಿಂದ, ಎರಡನೆಯದನ್ನು 3ರಿಂದ ಗುಣಿಸಿದರೆ ಎರಡರಲ್ಲೂ 6 ಎಲೆಕ್ಟ್ರಾನ್. ಕೂಡಿಸಿ, ಎರಡೂ ಬದಿಯಲ್ಲಿರುವ ನೀರು ಮತ್ತು ಹೈಡ್ರೋಜನ್ ಅಯಾನುಗಳನ್ನು ಹೊಡೆದುಹಾಕಿದರೆ:

2 ಪರ್ಮ್ಯಾಂಗನೇಟ್ + 3 ಸಲ್ಫೈಟ್ + 2 ಹೈಡ್ರೋಜನ್ ಅಯಾನು → 2 ಮ್ಯಾಂಗನೀಸ್ ಡೈಆಕ್ಸೈಡ್ + 3 ಸಲ್ಫೇಟ್ + ನೀರು

ಈಗ ಎರಡೂ ಬದಿಗೆ 2 ಹೈಡ್ರಾಕ್ಸೈಡ್. ಎಡಗಡೆ ಅವು ಹೈಡ್ರೋಜನ್ ಅಯಾನುಗಳೊಂದಿಗೆ ಸೇರಿ 2 ನೀರಾಗುತ್ತವೆ. ಬಲಗಡೆಯ ಒಂದು ನೀರು ಹೊಡೆದುಹೋಗಿ ಎಡಗಡೆ ಒಂದು ಉಳಿಯುತ್ತದೆ:

2 ಪರ್ಮ್ಯಾಂಗನೇಟ್ + 3 ಸಲ್ಫೈಟ್ + ನೀರು → 2 ಮ್ಯಾಂಗನೀಸ್ ಡೈಆಕ್ಸೈಡ್ + 3 ಸಲ್ಫೇಟ್ + 2 ಹೈಡ್ರಾಕ್ಸೈಡ್

ಎರಡೂ ಬದಿಯ ಆವೇಶ −8. ಇದು ಆಗಲೇಬೇಕಾದ ಪರೀಕ್ಷೆ, ಬಿಡಬೇಡಿ.

ಊಹಿಸಿ ಊಹಿಸಿ ಸರಿದೂಗಿಸಿದರೆ ಏನು ನಷ್ಟ? ಪರಮಾಣುಗಳೂ ಆವೇಶವೂ ಸರಿಹೋದರೆ ಆಯಿತಲ್ಲ?

ಇಡೀ ಪುಟದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಪ್ರಶ್ನೆ ಇದು. ಆಮ್ಲೀಯ ದ್ರಾವಣದಲ್ಲಿ ಪರ್ಮ್ಯಾಂಗನೇಟ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿದರೆ ಮ್ಯಾಂಗನೀಸ್(2+), ಆಕ್ಸಿಜನ್ ಅನಿಲ ಮತ್ತು ನೀರು ಬರುತ್ತವೆ. ಊಹೆಯಿಂದ ಒಬ್ಬರು ಹೀಗೆ ಬರೆದರು ಎನ್ನಿ:

2 ಪರ್ಮ್ಯಾಂಗನೇಟ್ + 1 ಪೆರಾಕ್ಸೈಡ್ + 6 ಹೈಡ್ರೋಜನ್ ಅಯಾನು → 2 ಮ್ಯಾಂಗನೀಸ್(2+) + 3 ಆಕ್ಸಿಜನ್ + 4 ನೀರು

ಎಣಿಸಿ ನೋಡಿ. ಹತ್ತು ಆಕ್ಸಿಜನ್ ಪರಮಾಣು, ಎಂಟು ಹೈಡ್ರೋಜನ್, ಎರಡೂ ಬದಿ ಆವೇಶ +4. ಎಲ್ಲಾ ಸರಿ. ಇನ್ನೊಬ್ಬರು ಹೀಗೆ ಬರೆದರು:

2 ಪರ್ಮ್ಯಾಂಗನೇಟ್ + 3 ಪೆರಾಕ್ಸೈಡ್ + 6 ಹೈಡ್ರೋಜನ್ ಅಯಾನು → 2 ಮ್ಯಾಂಗನೀಸ್(2+) + 4 ಆಕ್ಸಿಜನ್ + 6 ನೀರು

ಇದೂ ಸರಿದೂಗುತ್ತದೆ! ಹೀಗೆ ಎಷ್ಟು ಬೇಕಾದರೂ ಬರೆಯಬಹುದು. ಪೆರಾಕ್ಸೈಡ್ ತಾನಾಗಿಯೇ ಒಡೆದು ನೀರು ಮತ್ತು ಆಕ್ಸಿಜನ್ ಆಗುವ ಇನ್ನೊಂದು ಸಮೀಕರಣವಿದೆ. ಅದನ್ನು ಮೇಲಿನದಕ್ಕೆ ಎಷ್ಟು ಸಲ ಕೂಡಿಸಿದರೂ ಕಳೆದರೂ ಪರಮಾಣು ಮತ್ತು ಆವೇಶದ ಸಮತೋಲನ ಕೆಡುವುದಿಲ್ಲ. ಹಾಗಾದರೆ ಸರಿಯಾದದ್ದು ಯಾವುದು? ಅರ್ಧಕ್ರಿಯೆಯನ್ನು ಕೇಳಿ:

ಹೈಡ್ರೋಜನ್ ಪೆರಾಕ್ಸೈಡ್ → ಆಕ್ಸಿಜನ್ + 2 ಹೈಡ್ರೋಜನ್ ಅಯಾನು + 2 ಎಲೆಕ್ಟ್ರಾನ್

ಪೆರಾಕ್ಸೈಡ್ ಎರಡು ಕೊಡುತ್ತದೆ, ಪರ್ಮ್ಯಾಂಗನೇಟ್ ಐದು ತೆಗೆದುಕೊಳ್ಳುತ್ತದೆ. ಅನುಪಾತ 5ಕ್ಕೆ 2:

2 ಪರ್ಮ್ಯಾಂಗನೇಟ್ + 5 ಪೆರಾಕ್ಸೈಡ್ + 6 ಹೈಡ್ರೋಜನ್ ಅಯಾನು → 2 ಮ್ಯಾಂಗನೀಸ್(2+) + 5 ಆಕ್ಸಿಜನ್ + 8 ನೀರು

ಇಲ್ಲಿ ಮಾತ್ರ ಐದು ಪೆರಾಕ್ಸೈಡ್‌ಗಳಿಂದ ಐದು ಆಕ್ಸಿಜನ್ ಅಣುಗಳು. ಮೇಲೆ ಊಹೆಯಿಂದ ಬರೆದ ಎರಡರಲ್ಲೂ ಪೆರಾಕ್ಸೈಡ್‌ಗಿಂತ ಆಕ್ಸಿಜನ್ ಅಣುಗಳೇ ಹೆಚ್ಚು, ಅಂದರೆ ಒಂದಷ್ಟು ಅನಿಲ ಪರ್ಮ್ಯಾಂಗನೇಟಿನಿಂದ ಬರಬೇಕಾಗುತ್ತದೆ. ಟೈಟ್ರೇಷನ್ನಿನಲ್ಲಿ (ಬ್ಯೂರೆಟ್‌ನಿಂದ ಹನಿಹನಿಯಾಗಿ ಸೇರಿಸಿ ಅಳೆಯುವ ಪ್ರಯೋಗದಲ್ಲಿ) ಸಿಗುವುದು 5ಕ್ಕೆ 2 ಎಂಬ ಅನುಪಾತವೇ. ಆಕ್ಸಿಜನ್ನಿನ ಭಾರದ ಐಸೊಟೋಪ್ ಬಳಸಿ ನಡೆಸಿದ ಪ್ರಯೋಗಗಳೂ ಅನಿಲದ ಆಕ್ಸಿಜನ್ ಪೂರ್ತಿಯಾಗಿ ಪೆರಾಕ್ಸೈಡಿನದೇ ಎಂದು ತೋರಿಸಿವೆ. ಯಾರು ಯಾರಿಗೆ ಎಷ್ಟು ಕೊಟ್ಟರು ಎಂಬ ಮಾಹಿತಿ ಪರಮಾಣುಗಳ ಎಣಿಕೆಯಲ್ಲಿ ಇಲ್ಲ, ಅರ್ಧಕ್ರಿಯೆಯಲ್ಲಿ ಇದೆ.

ಉತ್ಪನ್ನ ಯಾವುದೆಂದು ಕೊಡದಿದ್ದರೆ ಹೇಗೆ ತಿಳಿಯುವುದು?

ಸರಿದೂಗಿಸುವ ವಿಧಾನ ಅದನ್ನು ಹೇಳಲಾರದು. ಅದು ಪ್ರಯೋಗದ ಅರಿವು. ಪರ್ಮ್ಯಾಂಗನೇಟ್ ಆಮ್ಲದಲ್ಲಿ ಬಹುತೇಕ ಬಣ್ಣವಿಲ್ಲದ ಮ್ಯಾಂಗನೀಸ್(2+) ಆಗುತ್ತದೆ, ತಟಸ್ಥ ಅಥವಾ ಸೌಮ್ಯ ಪ್ರತ್ಯಾಮ್ಲದಲ್ಲಿ ಕಂದು ಬಣ್ಣದ ಮ್ಯಾಂಗನೀಸ್ ಡೈಆಕ್ಸೈಡ್ ಆಗುತ್ತದೆ, ಪ್ರಬಲ ಪ್ರತ್ಯಾಮ್ಲದಲ್ಲಿ ಹಸಿರು ಮ್ಯಾಂಗನೇಟ್ ಆಗುತ್ತದೆ. ಎಲೆಕ್ಟ್ರಾನ್‌ಗಳು ಕ್ರಮವಾಗಿ 5, 3, 1.

ಎರಡೂ ಅರ್ಧಗಳಲ್ಲಿ ಒಂದೇ ವಸ್ತು ಇದ್ದರೆ?

ಅದನ್ನು ಎರಡು ಸಲ ಬರೆಯಿರಿ. ತಣ್ಣನೆಯ ಸಾರರಿಕ್ತ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕ್ಲೋರಿನ್ ಒಂದು ಪಾಲು ಕ್ಲೋರೈಡ್‌ಗೆ ಇಳಿಯುತ್ತದೆ (−1), ಇನ್ನೊಂದು ಪಾಲು ಹೈಪೋಕ್ಲೋರೈಟ್‌ಗೆ ಏರುತ್ತದೆ (+1). ಬಿಸಿಯಾದ ಸಾರಯುಕ್ತ ದ್ರಾವಣದಲ್ಲಿ ಏರುವ ಪಾಲು ಕ್ಲೋರೇಟ್‌ವರೆಗೆ, ಅಂದರೆ +5ಕ್ಕೆ ಹೋಗುತ್ತದೆ. ಆದ್ದರಿಂದ ಒಂದು ಕ್ಲೋರೇಟಿಗೆ ಐದು ಕ್ಲೋರೈಡ್:

3 ಕ್ಲೋರಿನ್ ಅಣು + 6 ಹೈಡ್ರಾಕ್ಸೈಡ್ → 5 ಕ್ಲೋರೈಡ್ + ಕ್ಲೋರೇಟ್ + 3 ನೀರು

ತಾಮ್ರ ಮತ್ತು ಸಾರರಿಕ್ತ ನೈಟ್ರಿಕ್ ಆಮ್ಲದ ಸಮೀಕರಣದಲ್ಲಿ 3 ತಾಮ್ರಕ್ಕೆ 8 ನೈಟ್ರಿಕ್ ಆಮ್ಲ ಎಂದಿರುತ್ತದೆ; ಆ 8 ಎಲ್ಲಿಂದ ಬಂತು? ಎಲೆಕ್ಟ್ರಾನ್ ಲೆಕ್ಕದಲ್ಲಿ ನೈಟ್ರೇಟ್ ಎರಡೇ ಬರುತ್ತದಲ್ಲ?

ನಿಮ್ಮ ಎರಡು ಸರಿ. ಅಯಾನುಗಳಲ್ಲಿ ಬರೆದರೆ:

3 ತಾಮ್ರ + 8 ಹೈಡ್ರೋಜನ್ ಅಯಾನು + 2 ನೈಟ್ರೇಟ್ → 3 ತಾಮ್ರ(2+) + 2 ನೈಟ್ರಿಕ್ ಆಕ್ಸೈಡ್ + 4 ನೀರು

ಎಂಟು ಹೈಡ್ರೋಜನ್ ಅಯಾನುಗಳು ಬರಬೇಕಾದರೆ ಎಂಟು ನೈಟ್ರಿಕ್ ಆಮ್ಲದ ಅಣುಗಳು ಬೇಕು. ಅವುಗಳಲ್ಲಿ ಎರಡರ ನೈಟ್ರೇಟ್ ಮಾತ್ರ ಅಪಕರ್ಷಣಗೊಳ್ಳುತ್ತದೆ. ಉಳಿದ ಆರು ಏನೂ ಬದಲಾಗದೆ ಮೂರು ತಾಮ್ರ(2+) ಅಯಾನುಗಳ ಜೊತೆಗಾರರಾಗಿ ನಿಲ್ಲುತ್ತವೆ. ಒಂದೇ ಆಮ್ಲ ಎರಡು ಕೆಲಸ ಮಾಡುವ ಕಡೆಯಲ್ಲೆಲ್ಲ ಮೊದಲು ಅಯಾನಿಕ ಸಮೀಕರಣವನ್ನು ಮುಗಿಸಿ, ಪೂರ್ಣ ಸೂತ್ರಗಳನ್ನು ಆಮೇಲೆ ತನ್ನಿ.

ಇಂಗಾಲದ ಸಂಯುಕ್ತಗಳಲ್ಲಿ ಉತ್ಕರ್ಷಣ ಸಂಖ್ಯೆ ಹಾಕುವುದೇ ಕಷ್ಟವಾಗುತ್ತದೆ. ದಾರಿ ಏನು?

ಪ್ರತಿ ಇಂಗಾಲವನ್ನು ಬೇರೆ ಬೇರೆಯಾಗಿ ನೋಡಬೇಕು. ಅದಕ್ಕೆ ಅಂಟಿದ ಪ್ರತಿ ಹೈಡ್ರೋಜನ್ನಿಗೆ −1, ಆಕ್ಸಿಜನ್ನಿನ ಜೊತೆಗಿನ ಪ್ರತಿ ಬಂಧಕ್ಕೆ +1, ಇನ್ನೊಂದು ಇಂಗಾಲದ ಜೊತೆಗಿನ ಬಂಧಕ್ಕೆ ಸೊನ್ನೆ. ಎಥನಾಲಿನಲ್ಲಿ ಆಕ್ಸಿಜನ್ ಹೊತ್ತ ಇಂಗಾಲಕ್ಕೆ ಎರಡು ಹೈಡ್ರೋಜನ್, ಒಂದು ಆಕ್ಸಿಜನ್ ಬಂಧ: −1. ಅಸಿಟಿಕ್ ಆಮ್ಲದಲ್ಲಿ ಅದೇ ಇಂಗಾಲಕ್ಕೆ ಆಕ್ಸಿಜನ್ ಬಂಧಗಳು ಮೂರು: +3. ಪಕ್ಕದ ಇಂಗಾಲ ಎರಡರಲ್ಲೂ −3. ಹಾಗಾಗಿ ಎಥನಾಲ್ ಅಸಿಟಿಕ್ ಆಮ್ಲವಾದಾಗ ನಾಲ್ಕು ಎಲೆಕ್ಟ್ರಾನ್‌ಗಳು ಹೋಗುತ್ತವೆ.

ಇದನ್ನೂ ಅರ್ಧಕ್ರಿಯೆಯಿಂದ ತಾಳೆ ನೋಡಬಹುದು. ಆಕ್ಸಿಜನ್ನಿಗಾಗಿ ಎಡಕ್ಕೆ ಒಂದು ನೀರು, ಹೈಡ್ರೋಜನ್ನಿಗಾಗಿ ಬಲಕ್ಕೆ ನಾಲ್ಕು ಹೈಡ್ರೋಜನ್ ಅಯಾನು, ಆವೇಶಕ್ಕಾಗಿ ಬಲಕ್ಕೆ ನಾಲ್ಕು ಎಲೆಕ್ಟ್ರಾನ್:

ಎಥನಾಲ್ + ನೀರು → ಅಸಿಟಿಕ್ ಆಮ್ಲ + 4 ಹೈಡ್ರೋಜನ್ ಅಯಾನು + 4 ಎಲೆಕ್ಟ್ರಾನ್

ಡೈಕ್ರೋಮೇಟ್ ಅಯಾನು 14 ಹೈಡ್ರೋಜನ್ ಅಯಾನು ಮತ್ತು 6 ಎಲೆಕ್ಟ್ರಾನ್ ತೆಗೆದುಕೊಂಡು 2 ಕ್ರೋಮಿಯಂ(3+) ಮತ್ತು 7 ನೀರಾಗುತ್ತದೆ. 4 ಮತ್ತು 6ರ ಲಘುತಮ ಸಾಮಾನ್ಯ ಅಪವರ್ತ್ಯ 12. ಎಥನಾಲಿನ ಅರ್ಧವನ್ನು 3ರಿಂದ, ಡೈಕ್ರೋಮೇಟಿನ ಅರ್ಧವನ್ನು 2ರಿಂದ ಗುಣಿಸಿ ಕೂಡಿಸಿದರೆ:

2 ಡೈಕ್ರೋಮೇಟ್ + 3 ಎಥನಾಲ್ + 16 ಹೈಡ್ರೋಜನ್ ಅಯಾನು → 4 ಕ್ರೋಮಿಯಂ(3+) + 3 ಅಸಿಟಿಕ್ ಆಮ್ಲ + 11 ನೀರು

ಎಡಗಡೆ −4 + 16, ಬಲಗಡೆ 4 × 3, ಎರಡೂ +12. ಕಿತ್ತಳೆ ಬಣ್ಣದ ದ್ರಾವಣ ಹಸಿರಾಗುವ ಈ ಕ್ರಿಯೆಯನ್ನೇ ಉಸಿರಿನಲ್ಲಿ ಮದ್ಯಸಾರದ ಅಂಶ ಅಳೆಯುವ ಹಳೆಯ ಉಪಕರಣಗಳಲ್ಲಿ ಬಳಸುತ್ತಿದ್ದರು: ಬಣ್ಣ ಎಷ್ಟು ಬದಲಾಯಿತು ಎಂಬುದರಿಂದ ಕ್ರೋಮಿಯಂ ಎಷ್ಟು ಎಲೆಕ್ಟ್ರಾನ್ ಪಡೆಯಿತೆಂದು ತಿಳಿಯುತ್ತದೆ, ಅದರಿಂದ ಎಥನಾಲಿನ ಪ್ರಮಾಣ ಸಿಗುತ್ತದೆ.